ವಿಮಾನ ಹೋದ ಮೇಲೆ ಉಳಿಯುವ ಬಯಲು: ಹಳೇ ಏರ್‌ಪೋರ್ಟನ್ನು ಪಾರ್ಕು ಮಾಡುವವರಿಗೆ

ಊರ ನಡುವಿನ ಏರ್‌ಪೋರ್ಟು ಮುಚ್ಚುತ್ತದೆ ಅಂತ ಸುದ್ದಿ ಬಂದರೆ ಸಾಕು, ಬಣ್ಣಬಣ್ಣದ ಚಿತ್ರಗಳು ಬರಲು ಶುರುವಾಗುತ್ತವೆ. ಕೃತಕ ಕೆರೆ, ಅದರ ಮೇಲೊಂದು ಬಾಗಿದ ಸೇತುವೆ, ಗಾಜಿನ ಮಂಟಪ, ಬಲೂನು ಹಿಡಿದ ಮಗು. ಆ ಮಗು ಎಲ್ಲ ಚಿತ್ರಗಳಲ್ಲೂ ಇರುತ್ತದೆ. ನಾನು ಚಿತ್ರವನ್ನು ಪಕ್ಕಕ್ಕಿಟ್ಟು ಚರಂಡಿ ನಕ್ಷೆ ಎಲ್ಲಿ ಅಂತ ಕೇಳುವವನು. ಮಳೆನೀರು, ಮಣ್ಣು, ಕಾಂಕ್ರೀಟು, ಇವೇ ನನ್ನ ಕಸುಬು. ಹಾಗಾಗಿ ಇಲ್ಲಿ ನೆಲದಡಿಯ ಮಾತು ಜಾಸ್ತಿ, ಹೂವಿನ ಮಾತು ಕಮ್ಮಿ.

ಊರೊಳಗೆ ಬೇರೆಲ್ಲೂ ಸಿಗದ ಎರಡು ಆಸ್ತಿ ಏರ್‌ಪೋರ್ಟಿನಲ್ಲಿ ಸಿಗುತ್ತವೆ. ಕಣ್ಣು ಹಾಯುವಷ್ಟು ದೂರ ಖಾಲಿ ಬಯಲು ಒಂದು. ಭಾರ ಹೊತ್ತು ಪಳಗಿದ ಕಾಂಕ್ರೀಟು ಇನ್ನೊಂದು. ಬಯಲು ಪಾರ್ಕಿಗೆ, ಕಾಂಕ್ರೀಟು ಕಾರ್ಯಕ್ರಮಗಳಿಗೆ. ಒಮ್ಮೆ ಹಾಳು ಮಾಡಿಕೊಂಡರೆ ಎಷ್ಟು ದುಡ್ಡು ಸುರಿದರೂ ಇವು ವಾಪಸ್ ಬರುವುದಿಲ್ಲ. ಏನೇನು ಮಾಡಬಾರದು ಅಂತ ಗಟ್ಟಿಯಾಗಿ ನಿರ್ಧರಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ವಿಮಾನಗಳನ್ನು ಕಾಗದದಲ್ಲೂ ನಿಲ್ಲಿಸಿ

ಕೊನೆಯ ವಿಮಾನ ಹಾರಿದ ಮಾತ್ರಕ್ಕೆ ಏರ್‌ಪೋರ್ಟು ಮುಚ್ಚಿದಂತಾಗುವುದಿಲ್ಲ. ಪೈಲಟ್‌ಗಳಿಗೆ ಹೋಗುವ ಅಧಿಕೃತ ಸೂಚನೆ ಹೊರಡಬೇಕು, ನಕ್ಷೆಗಳಿಂದ ಹೆಸರು ಅಳಿಯಬೇಕು, ದಾರಿ ತೋರಿಸುವ ರೇಡಿಯೊ ಉಪಕರಣ ಬಂದ್ ಆಗಬೇಕು. ಮೇಲಿನಿಂದ ನೋಡುವವನಿಗೆ ರನ್‌ವೇ ಇನ್ನೂ ರನ್‌ವೇ ಥರವೇ ಕಾಣುತ್ತದೆ ಅಲ್ವಾ? ಅದಕ್ಕೇ ಮುಚ್ಚಿದ ರನ್‌ವೇ ಮೇಲೆ ದೊಡ್ಡ ಗುಣಾಕಾರ ಚಿಹ್ನೆ ಬಳಿಯುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ರನ್‌ವೇಗೆ ಬಿಳಿ, ವಿಮಾನಗಳು ರನ್‌ವೇಗೆ ಹೋಗಿಬರುವ ಟ್ಯಾಕ್ಸಿವೇಗೆ ಹಳದಿ. ರನ್‌ವೇಯ ಎರಡೂ ತುದಿಯಲ್ಲಿ ಒಂದೊಂದು, ನಡುವೆ 300 ಮೀಟರ್‌ಗಿಂತ ಹೆಚ್ಚು ಅಂತರ ಬಿಡದೆ ಇನ್ನಷ್ಟು. ಮಕ್ಕಳು ಸೈಕಲ್ ಕಲಿಯುವ ಜಾಗಕ್ಕೆ ದಾರಿ ತಪ್ಪಿದ ಸಣ್ಣ ವಿಮಾನವೊಂದು ಇಳಿಯಲು ಬರಬಾರದು ನೋಡಿ.

ಇದನ್ನು ಹೇಗೆ ಮಾಡಬಾರದು ಅನ್ನುವುದಕ್ಕೆ ಷಿಕಾಗೊ ಒಳ್ಳೆಯ ಉದಾಹರಣೆ. ಸರೋವರದ ದಂಡೆಯ ಮೆಗ್ಸ್ ಫೀಲ್ಡ್ ಏರ್‌ಪೋರ್ಟಿಗೆ 2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿ ಬುಲ್ಡೋಜರ್ ಕಳಿಸಿ, ರನ್‌ವೇ ಮೇಲೆ ದೊಡ್ಡ ಗುಣಾಕಾರ ಗುರುತುಗಳನ್ನು ಅಗೆಸಿಬಿಟ್ಟರು. ಬೆಳಗಾಗುವಷ್ಟರಲ್ಲಿ 16 ವಿಮಾನಗಳು ಸಿಕ್ಕಿಹಾಕಿಕೊಂಡಿದ್ದವು. ಅವು ಕೊನೆಗೆ ಟ್ಯಾಕ್ಸಿವೇಯಿಂದಲೇ ಹಾರಿಹೋದವು. ಮುಂಚಿತವಾಗಿ ಸೂಚನೆ ಕೊಡದ್ದಕ್ಕೆ ನಗರಕ್ಕೆ 33,000 ಡಾಲರ್ ದಂಡ ಬಿತ್ತು. ತಪ್ಪಾಗಿ ಬಳಸಿದ ವಿಮಾನ ನಿಲ್ದಾಣ ನಿಧಿ ಅಂತ 10 ಲಕ್ಷ ಡಾಲರ್ ಹಿಂತಿರುಗಿಸಬೇಕಾಯಿತು. ಅಲ್ಲಿ ಈಗ ಪಾರ್ಕೂ ಇದೆ, ಸಂಗೀತ ಕಛೇರಿಯ ಜಾಗವೂ ಇದೆ. ಆದರೂ ಆ ರಾತ್ರಿಯ ಕಹಿ ಊರಿನ ನೆನಪಿನಲ್ಲಿ ಉಳಿದಿದೆ.

ಹಳೇ ಅನುದಾನದ ಕರಾರುಗಳನ್ನು ವಕೀಲರ ಹತ್ತಿರ ಕೂತು ಒಂದೊಂದಾಗಿ ಓದಿಸಿ. ಇಷ್ಟು ವರ್ಷ ಏರ್‌ಪೋರ್ಟಾಗಿಯೇ ಇರಬೇಕು ಎಂಬ ಷರತ್ತು ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ.

ನೆಲದಡಿ ಏನಿದೆ ಅಂತ ಗೊತ್ತಾಗದೆ ಸನಿಕೆ ಎತ್ತಬೇಡಿ

ನೋಡಲು ಹುಲ್ಲುಗಾವಲು. ಒಳಗೆ ಕಾರ್ಖಾನೆಯ ನೆಲ. ಹುಡುಕಬೇಕಾದ್ದರ ಮೊದಲ ಸಾಲಿನಲ್ಲಿ ಇಂಧನ ಬರುತ್ತದೆ: ಭೂಮಿಯೊಳಗಿನ ಟ್ಯಾಂಕು, ವಿಮಾನ ನಿಲ್ಲುವ ಅಂಗಳದವರೆಗೆ ಹೋಗುವ ಪೈಪು, ಅದರ ಕವಾಟಗಳು. ಟ್ಯಾಂಕು ಖಾಲಿ ಮಾಡಿದ್ದೇವೆ ಅಂತ ಹೇಳುತ್ತಾರೆ. ಪೈಪನ್ನು ತೊಳೆದು ತುಂಬಿದ್ದೀರಾ ಅಂತ ಕೇಳಿ, ಆಗ ಮಾತು ನಿಲ್ಲುತ್ತದೆ. ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರ್ ಸುತ್ತ ಲೋಹ ತೊಳೆಯುವ ದ್ರಾವಕಗಳು, ಸಣ್ಣ ವಿಮಾನಗಳು ನಿಲ್ಲುತ್ತಿದ್ದಲ್ಲಿ ಸೀಸ, ಹಳೇ ಕಟ್ಟಡಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಯುದ್ಧ ಕಂಡ ಊರಾದರೆ ಸಿಡಿಯದೇ ಉಳಿದ ಬಾಂಬು.

ಆದರೆ ನನಗೆ ನಿದ್ದೆಗೆಡಿಸುವುದು ಬೆಂಕಿ ಆರಿಸುವ ನೊರೆ. ದಶಕಗಳ ಕಾಲ ಅಗ್ನಿಶಾಮಕ ದಳ ಅಭ್ಯಾಸಕ್ಕೆ ಅಂತ ಗುಂಡಿಯಲ್ಲಿ ಇಂಧನ ಸುರಿದು, ಬೆಂಕಿ ಹಚ್ಚಿ, ಆ ನೊರೆಯಿಂದ ಆರಿಸುತ್ತಿತ್ತು. ಅದರಲ್ಲಿನ ಪಿಎಫ್‌ಎಎಸ್ ರಾಸಾಯನಿಕಗಳು ಸುಲಭವಾಗಿ ಒಡೆದುಹೋಗುವುದಿಲ್ಲ. ನೀರಿನ ಜೊತೆ ಹರಿದುಹೋಗುತ್ತವೆ. ಅಂದರೆ ಕೊಳಕು ಗುಂಡಿಯಲ್ಲಿ ಕೂತಿರುವುದಿಲ್ಲ, ಅಂತರ್ಜಲ ಹಿಡಿದು ಬೇಲಿಯಾಚೆಗೆ ಹೊರಟಿರುತ್ತದೆ. ನೀವು ಆಸೆಪಟ್ಟು ತೋಡಿಸಿದ ಕೆರೆ ಅದರ ದಾರಿಯಲ್ಲಿದ್ದರೆ ಮುಗಿಯಿತು, ಅದು ನಿಮ್ಮ ಕೆರೆಯಲ್ಲೇ ತೇಲುತ್ತದೆ.

ಅಭ್ಯಾಸದ ಗುಂಡಿ ಎಲ್ಲಿತ್ತು ಅಂತ ನಕ್ಷೆಯಲ್ಲಿ ಹುಡುಕಿದರೆ ಬಹಳ ಸಲ ಸಿಗುವುದಿಲ್ಲ. ಅದು ಹತ್ತು ವರ್ಷಕ್ಕೊಮ್ಮೆ ಜಾಗ ಬದಲಿಸಿರುತ್ತದೆ. ನಿವೃತ್ತರನ್ನು ಹುಡುಕಿ. ಒಂದು ಕಡೆ ನಾವು ದುಬಾರಿ ಯಂತ್ರ ಇಟ್ಟುಕೊಂಡು ಸುತ್ತುತ್ತಿದ್ದಾಗ, ಅಗ್ನಿಶಾಮಕ ದಳದಲ್ಲಿದ್ದ ಹಿರಿಯರೊಬ್ಬರು ಬಂದರು. ಬೇಲಿಯಿಂದ ಹೆಜ್ಜೆ ಎಣಿಸಿಕೊಂಡು ಹೋಗಿ ಕಾಲಲ್ಲಿ ಒತ್ತಿ ತೋರಿಸಿದರು. "ಇಲ್ಲಿ ಮೊದಲನೇದು ಇತ್ತು ಸಾರ್. ಗಾಳಿ ಜಾಸ್ತಿ ಅಂತ ಆಮೇಲೆ ಆ ಕಡೆ ಹೋಯ್ತು. ಉಳಿದ ನೊರೆ ಎಲ್ಲ ಆ ಮೋರಿಗೆ ಬಿಡ್ತಿದ್ವಿ." ಆ ಮೋರಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಅಂಥವರನ್ನು ಕರೆಸಿ, ಟೀ ಕೊಟ್ಟು, ಜೊತೆಗೆ ನಡೆಯಿರಿ. ಹಳೇ ವೈಮಾನಿಕ ಚಿತ್ರಗಳನ್ನು ವರ್ಷವಾರು ಜೋಡಿಸಿ, ಅವರ ಮಾತಿನ ಪಕ್ಕದಲ್ಲಿಟ್ಟು ನೋಡಿ. ಅದಾದ ಮೇಲೆ ಮಣ್ಣಿನ ಮಾದರಿ ತೆಗೆಸಿ, ಅಂತರ್ಜಲ ನೋಡುವ ಕೊಳವೆ ಬಾವಿಗಳನ್ನು ಹಾಕಿಸಿ. ಈ ಬಾವಿಗಳನ್ನು ಪಾರ್ಕು ಶುರುವಾದ ಮೇಲೂ ಮುಚ್ಚಬೇಡಿ.

ಎಲ್ಲವನ್ನೂ ಅಗೆದು ಹೊರಹಾಕಬೇಕು ಅಂತೇನೂ ಇಲ್ಲ. ಕೆಟ್ಟ ಜಾಗ ಸಣ್ಣದಿದ್ದರೆ ಅಗೆದು ತೆಗೆಯಿರಿ. ದೊಡ್ಡದಿದ್ದರೆ ಮುಚ್ಚಿ, ನೀರು ಇಳಿಯದಂತೆ ಮಾಡಿ, ಕಾರ್ಯಕ್ರಮದ ಕಾಂಕ್ರೀಟು ಅಂಗಳವನ್ನೇ ಅದರ ಮೇಲೆ ಉಳಿಸಿಕೊಳ್ಳಿ. ತರಕಾರಿ ಬೆಳೆಯುವ ಆಸೆ ಇರುವವರಿಗೆ ಎತ್ತರದ ಮರದ ತೊಟ್ಟಿ ಕೊಡಿ. ಬರ್ಲಿನ್ನಿನ ಹಳೇ ಏರ್‌ಪೋರ್ಟು ಟೆಂಪೆಲ್‌ಹೋಫ್‌ನಲ್ಲಿ 2011ರಿಂದ ನೂರಾರು ಜನ ಸೇರಿ ಸಮುದಾಯ ತೋಟ ಮಾಡುತ್ತಿದ್ದಾರೆ. ಎಲ್ಲ ಗಿಡಗಳೂ ತೊಟ್ಟಿಗಳಲ್ಲೇ, ಹಳೇ ಹಲಗೆ, ಹಳೇ ಕುರ್ಚಿ, ಸಿಕ್ಕಿದ್ದರಲ್ಲೆಲ್ಲ. ನೋಡಲು ಗುಜರಿ ಅಂಗಡಿಯ ಹಾಗಿದೆ, ನನಗಂತೂ ಬಹಳ ಇಷ್ಟವಾಯಿತು.

ಕಾಂಕ್ರೀಟು: ಒಡೆಯುವ ಮೊದಲು ಲಾರಿ ಲೆಕ್ಕ ಹಾಕಿ

ಒಂದು ಸಾಧಾರಣ ರನ್‌ವೇ 2,000 ಮೀಟರ್ ಉದ್ದ, 45 ಮೀಟರ್ ಅಗಲ ಅಂದುಕೊಳ್ಳಿ. 9 ಹೆಕ್ಟೇರ್ ಆಯಿತು. ಕಾಂಕ್ರೀಟು 40 ಸೆಂಟಿಮೀಟರ್ ದಪ್ಪ ಇದ್ದರೆ 36,000 ಘನ ಮೀಟರ್, ಹೆಚ್ಚುಕಡಿಮೆ 86,000 ಟನ್. 20 ಟನ್ನಿನ ಲಾರಿಗೆ 4,300 ಸಲ ಓಡಾಟ. ಅಷ್ಟೂ ಲಾರಿ ಪಕ್ಕದ ಬೀದಿಯಲ್ಲೇ ಹೋಗಬೇಕು. ಪಾರ್ಕು ಬರುತ್ತದೆ ಅಂತ ಖುಷಿಪಟ್ಟವರೇ ಮೂರನೇ ವಾರಕ್ಕೆ ರಸ್ತೆಗೆ ಅಡ್ಡ ಕೂರುತ್ತಾರೆ.

ಹಾಗಾದರೆ ಒಡೆಯಲೇಬಾರದಾ? ಒಡೆಯಬಹುದು, ಒಡೆದದ್ದನ್ನು ಹೊರಗೆ ಸಾಗಿಸಬೇಡಿ. ಫ್ರಾಂಕ್‌ಫರ್ಟ್‌ನ ಬೊನಾಮೆಸ್‌ನಲ್ಲಿ ಅಮೆರಿಕನ್ ಸೇನೆಯ ಸಣ್ಣ ವಿಮಾನನೆಲೆಯೊಂದಿತ್ತು, 1992ರಲ್ಲಿ ಖಾಲಿಯಾಯಿತು. ಅಲ್ಲಿ ಕಾಂಕ್ರೀಟಿನ ಒಂದು ಭಾಗವನ್ನು ಹಾಗೇ ಬಿಟ್ಟರು. ಉಳಿದದ್ದನ್ನು ಬೇರೆ ಬೇರೆ ಗಾತ್ರಕ್ಕೆ ಒಡೆದು ಅಲ್ಲಲ್ಲೇ ಹರಡಿದರು: ಒಂದು ಕಡೆ ದೊಡ್ಡ ಚಪ್ಪಡಿ, ಇನ್ನೊಂದು ಕಡೆ ಕೈಗಾತ್ರದ ತುಂಡು, ಮತ್ತೊಂದು ಕಡೆ ಜಲ್ಲಿ. ಆಮೇಲೆ ಸುಮ್ನೆ ಬಿಟ್ಟರು. ತುಂಡಿನ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಗಿಡ ಬಂದವು. ನೀರು ನಿಂತಲ್ಲಿ ಕಪ್ಪೆ ಬಂತು. ಏರ್‌ಪೋರ್ಟ್ ಪಾರ್ಕುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಯಾವುದು ಅಂತ ಕೇಳಿದರೆ ಇದೇ.

ಒಡೆಯುವ ಮುಂಚೆ ಒಂದು ಪರೀಕ್ಷೆ ಮಾತ್ರ ಬಿಡಬೇಡಿ. ಇಂಧನ ಚೆಲ್ಲುವ ಅಂಗಳಗಳಲ್ಲಿ ಹಿಂದೆ ಕೋಲ್‌ಟಾರ್ ಬೆರೆತ ಲೇಪ ಬಳಿಯುತ್ತಿದ್ದರು, ಸಂದುಗಳಿಗೂ ಅದನ್ನೇ ತುಂಬುತ್ತಿದ್ದರು. ಪೆಟ್ರೋಲಿಗೆ ಕರಗುವುದಿಲ್ಲ ಅನ್ನುವುದೇ ಕಾರಣ. ಅಂಥದ್ದನ್ನು ಪುಡಿ ಮಾಡಿ ನಡೆದಾಡುವ ದಾರಿಗೆ ಹಾಸಿದರೆ ಕೊಳಕನ್ನು ಕೈಯಾರೆ ಹರಡಿದ ಹಾಗೆ.

ಉಳಿಸಿಕೊಂಡ ಕಾಂಕ್ರೀಟಿನಲ್ಲಿ ಮಾಡಬೇಕಾದ್ದು ಸಣ್ಣಪುಟ್ಟ ಕೆಲಸ, ಆದರೆ ತಪ್ಪಿಸಬಾರದು. ಅಂಚಿನ ದೀಪ ಕಿತ್ತ ಮೇಲೆ ಉಳಿಯುವ ಗುಂಡಿಗಳು ಕಾಲು ಉಳುಕಿಸುವಷ್ಟು ಆಳ ಇರುತ್ತವೆ. ಒಂದನ್ನೂ ಬಿಡದೆ ತುಂಬಿಸಿ. ಕೇಬಲ್ ಹೊಂಡಗಳ ಮುಚ್ಚಳಕ್ಕೆ ಬೀಗ ಹಾಕಿಸಿ. ವಿಮಾನದ ಚಕ್ರ ನೆಲ ಮುಟ್ಟುತ್ತಿದ್ದ ಜಾಗದಲ್ಲಿ ರಬ್ಬರ್ ಮೆತ್ತಿಕೊಂಡಿರುತ್ತದೆ, ಮಳೆ ಬಂದರೆ ಜಾರುತ್ತದೆ. ಒತ್ತಡದ ನೀರಿನಿಂದ ತೊಳೆಯಿರಿ, ತೊಳೆದ ನೀರನ್ನು ಚರಂಡಿಗೆ ಬಿಡದೆ ಹಿಡಿಯಿರಿ. ಕೆಲವು ರನ್‌ವೇಗಳಿಗೆ ನೀರು ಜಾರಲೆಂದು ಅಡ್ಡಡ್ಡ ಗೀರು ಹಾಕಿರುತ್ತಾರೆ. ಸೈಕಲ್‌ಗೆ ಏನೂ ಆಗದು. ಸ್ಕೇಟಿಂಗ್‌ನವರಿಗೆ ಹಲ್ಲು ಕಟಕಟ ಅನ್ನುತ್ತದೆ. ಅವರಿಗೆ ಟ್ಯಾಕ್ಸಿವೇ ತೋರಿಸಿ.

ಬಿಳಿ ಅಂಕಿಗಳನ್ನು ಅಳಿಸಬೇಡಿ. ಚಂದಕ್ಕೆ ಅಂತ ಹೇಳುತ್ತಿಲ್ಲ. ಬಯಲಿನ ನಡುವೆ ಯಾರೋ ಬಿದ್ದರೆ ಆಂಬ್ಯುಲೆನ್ಸಿಗೆ ಎಲ್ಲಿಗೆ ಬಾ ಅಂತ ಹೇಳುವುದು? ಮರವಿಲ್ಲ, ಅಂಗಡಿಯಿಲ್ಲ, ತಿರುವಿಲ್ಲ. ರನ್‌ವೇ ಅಂಕಿ ಜೊತೆಗೆ 100 ಮೀಟರಿಗೊಂದು ದೂರದ ಗುರುತು ಬರೆಸಿದರೆ ಅದೇ ವಿಳಾಸ.

ನೀರಿನ ಲೆಕ್ಕ

ಅದೇ 9 ಹೆಕ್ಟೇರ್ ರನ್‌ವೇ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 45 ಲಕ್ಷ ಲೀಟರ್ ನೀರು. ಏರ್‌ಪೋರ್ಟಿನ ಚರಂಡಿಗಳಿಗೆ ಇದ್ದ ಗುರಿ ಒಂದೇ: ನೀರು ಒಂದು ಗಳಿಗೆಯೂ ನಿಲ್ಲಬಾರದು, ಹಕ್ಕಿ ಬರಬಾರದು. ಪಾರ್ಕಿಗೆ ಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ. ನೀರು ನಿಧಾನವಾಗಲಿ, ಇಂಗಲಿ, ಹಕ್ಕಿ ಬರಲಿ.

ಮಾರ್ಗ ಸರಳ. ರನ್‌ವೇಗೆ ಈಗಾಗಲೇ ನಡುವಿನಿಂದ ಎರಡೂ ಬದಿಗೆ ಇಳಿಜಾರು ಇದೆ. ಅಂಚಿನ ಭೂಗತ ಕೊಳವೆಯನ್ನು ಅಲ್ಲಲ್ಲಿ ಕಟ್ಟಿ, ನೀರನ್ನು ಅಗಲವಾದ, ಆಳವಿಲ್ಲದ ಹುಲ್ಲಿನ ಕಾಲುವೆಗೆ ತಿರುಗಿಸಿ. ಶಾಂಘೈನ ಲೊಂಗ್‌ಹುವಾ ಏರ್‌ಪೋರ್ಟಿನ 1,830 ಮೀಟರ್ ರನ್‌ವೇ ಇದ್ದ ಜಾಗದಲ್ಲಿ ಉದ್ದನೆಯ ಪಾರ್ಕು ಮಾಡಿದಾಗ ಹಳೇ ಕಾಂಕ್ರೀಟಿನ ತುಂಡುಗಳನ್ನು ಉಳಿಸಿಕೊಂಡು, ರಸ್ತೆಯ ಬದಿ ಮಳೆನೀರು ಇಂಗುವ ತೋಟ ಮಾಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ರಿಸ್ಸಿ ಫೀಲ್ಡ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೇನೆ ಒಂದು ಕಾಲಕ್ಕೆ ಮುಚ್ಚಿಹಾಕಿದ್ದ ಉಪ್ಪುನೀರಿನ ಜೌಗು ಪ್ರದೇಶದಲ್ಲಿ ಸುಮಾರು 20 ಎಕರೆಯನ್ನು ಅಗೆದು, 1999ರಲ್ಲಿ ಮತ್ತೆ ಸಮುದ್ರಕ್ಕೆ ಜೋಡಿಸಿದರು. ಪಕ್ಕದಲ್ಲೇ ವಿಮಾನ ಇಳಿಯುತ್ತಿದ್ದ ಹಳೇ ಹುಲ್ಲಿನ ಮೈದಾನವನ್ನೂ ಉಳಿಸಿದರು. ಹಳೇ ನಕ್ಷೆಯಲ್ಲಿ ಹಳ್ಳ, ಕೆರೆ, ಜೌಗು ಇತ್ತಾ ಅಂತ ನೋಡಿ. ಇದ್ದರೆ ನಿಮ್ಮ ಕೆರೆ ಅಲ್ಲೇ ಇರಲಿ, ನಕ್ಷೆಗಾರರು ಬಯಸಿದ ಕಡೆ ಬೇಡ. ಆದರೆ ಮೇಲೆ ಹೇಳಿದ ನೊರೆಯ ಪರೀಕ್ಷೆ ಮುಗಿಯುವ ತನಕ ಒಂದು ಹನಿ ನೀರನ್ನೂ ಇಂಗಿಸಬೇಡಿ.

ಗೇಟು ಬೇಗ ತೆರೆಯಿರಿ

ಪೂರ್ತಿ ಯೋಜನೆ ಸಿದ್ಧವಾಗಲಿ, ಆಮೇಲೆ ಜನರನ್ನು ಬಿಡೋಣ ಅನ್ನುವವರು ಬಹಳ. ಹಾಂಗ್‌ಕಾಂಗ್‌ನ ಕೈ ಟಾಕ್ 1998ರ ಜುಲೈನಲ್ಲಿ ಮುಚ್ಚಿತು. ಅಲ್ಲಿನ ದೊಡ್ಡ ಕ್ರೀಡಾ ಸಂಕೀರ್ಣ ತೆರೆದದ್ದು 2025ರ ಮಾರ್ಚ್‌ನಲ್ಲಿ. ಅಥೆನ್ಸ್‌ನ ಹೆಲಿನಿಕೊನ್ 2001ರಲ್ಲಿ ಮುಚ್ಚಿ, 2004ರ ಒಲಿಂಪಿಕ್ಸ್‌ಗೆ ಒಂದಷ್ಟು ಕ್ರೀಡಾಂಗಣ ಕಂಡು, ಆಮೇಲೆ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಇನ್ನೊಂದು ಕಡೆ ಈಕ್ವೆಡಾರ್‌ನ ಕೀಟೊ ನೋಡಿ. 2013ರ ಫೆಬ್ರವರಿಯಲ್ಲಿ ಊರೊಳಗಿನ ಏರ್‌ಪೋರ್ಟು ಮುಚ್ಚಿತು, ಏಪ್ರಿಲ್‌ನಲ್ಲಿ ಜನ ರನ್‌ವೇ ಮೇಲೆ ಸೈಕಲ್ ಹೊಡೆಯುತ್ತಿದ್ದರು. ಟೆಂಪೆಲ್‌ಹೋಫ್‌ನಲ್ಲಿ ಕೊನೆಯ ವಿಮಾನ ಹೋದದ್ದು 2008ರ ಅಕ್ಟೋಬರ್ 30ಕ್ಕೆ, ಪಾರ್ಕು ತೆರೆದದ್ದು 2010ರ ಮೇ ತಿಂಗಳಲ್ಲಿ. 300 ಹೆಕ್ಟೇರ್‌ಗೂ ಹೆಚ್ಚು ಜಾಗ, ಆದರೂ ತೆರೆಯುವಾಗ ಅಲ್ಲಿ ಹೊಸದಾಗಿ ಕಟ್ಟಿದ್ದು ಅತಿ ಕಮ್ಮಿ.

ಬೇಗ ತೆರೆದರೆ ಸಿಗುವ ದೊಡ್ಡ ಲಾಭ ಏನೆಂದರೆ ಜನ ತಾವೇ ನಕ್ಷೆ ಬರೆದುಕೊಡುತ್ತಾರೆ. ಯಾವ ಕಡೆಯಿಂದ ಒಳಗೆ ಬರುತ್ತಾರೆ, ಎಲ್ಲಿ ಗಾಳಿಪಟ ಹಾರಿಸುತ್ತಾರೆ, ಎಲ್ಲಿ ಯಾರೂ ಕಾಲಿಡುವುದಿಲ್ಲ, ಒಂದು ವರ್ಷ ನೋಡಿದರೆ ಸಾಕು. ಆಮೇಲೆ ಬೆಂಚು ಹಾಕಿ.

ತೆರೆಯುವ ದಿನಕ್ಕೆ ಬೇಕಾದ್ದು ಇಷ್ಟು: ಕಲುಷಿತ ಜಾಗಕ್ಕೆ ಗಟ್ಟಿ ಬೇಲಿ, ಗುಂಡಿ ತುಂಬಿದ ಕಾಂಕ್ರೀಟು, ಕುಡಿಯುವ ನೀರು, ಶೌಚಾಲಯ, ಕಸದ ತೊಟ್ಟಿ, ಮತ್ತು ಗೇಟುಗಳು. ಶೌಚಾಲಯ ಗೇಟಿನ ಹತ್ತಿರ ಮಾತ್ರ ಇಟ್ಟರೆ ಸಾಲದು. ಎರಡು ಕಿಲೋಮೀಟರ್ ರನ್‌ವೇಯ ನಡುವೆ ಮಗು ಅವಸರ ಅಂದಾಗ ಅಪ್ಪ ಅಮ್ಮ ಏನು ಮಾಡಬೇಕು? ಸುತ್ತಲಿನ ಬೇಲಿಯನ್ನು ಕಿತ್ತುಹಾಕುವ ಆವೇಶ ಬೇಡ. ರಾತ್ರಿ ಮುಚ್ಚಲು, ಹಕ್ಕಿಗಳನ್ನು ಕಾಯಲು, ದೊಡ್ಡ ಕಾರ್ಯಕ್ರಮದ ದಿನ ಜನರನ್ನು ಎಣಿಸಲು ಅದು ಬೇಕು. ಬೇಲಿ ಇರಲಿ, ಗೇಟುಗಳು ಜಾಸ್ತಿಯಾಗಲಿ. ಏರ್‌ಪೋರ್ಟಿಗೆ ಬೆನ್ನು ಹಾಕಿ ಕೂತಿದ್ದ ಬಡಾವಣೆಗಳ ಕಡೆಗೆ ಮೊದಲ ಗೇಟು ಕೊಡಿ. ಇಷ್ಟು ವರ್ಷ ವಿಮಾನದ ಸದ್ದು ಕೇಳಿದವರು ಅವರು ತಾನೇ.

ಮರ, ಹುಲ್ಲು, ಹಕ್ಕಿ, ನಾಯಿ

ಸಭೆಗಳಲ್ಲಿ ಯಾರಾದರೊಬ್ಬರು ಎದ್ದು "ಹತ್ತು ಸಾವಿರ ಸಸಿ ನೆಡೋಣ" ಅನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ನಾನು ಕೈ ಎತ್ತುತ್ತೇನೆ, ಚಪ್ಪಾಳೆ ನಿಲ್ಲುತ್ತದೆ. ರನ್‌ವೇ ಪಕ್ಕದ ಮಣ್ಣನ್ನು ವಿಮಾನ ದಾರಿ ತಪ್ಪಿದರೂ ಹೂತುಹೋಗದಷ್ಟು ರೋಲರ್ ಹಾಕಿ ಗಟ್ಟಿ ಮಾಡಿರುತ್ತಾರೆ. ಅಲ್ಲಿ ಗುಂಡಿ ತೋಡಿ ಸಸಿ ಇಟ್ಟರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಮರ ಬೇಕೆಂದರೆ ಮಣ್ಣು ಒಣಗಿದ್ದಾಗ 60ರಿಂದ 90 ಸೆಂಟಿಮೀಟರ್ ಆಳಕ್ಕೆ ಸೀಳಿ ಸಡಿಲ ಮಾಡಿ, ಗೊಬ್ಬರ ಬೆರೆಸಿ, ಗುಂಪಾಗಿ ನೆಡಿ. ಅದೂ ಅಂಚಿನಲ್ಲಿ, ಗೇಟುಗಳ ಹತ್ತಿರ, ಮನೆಗಳ ಕಡೆ. ಜನ ಕಾಯುವುದು, ಕೂರುವುದು, ಹರಟುವುದು ಅಲ್ಲೇ. ನಡುವಿನ ಬಯಲನ್ನು ಬಿಡಿ. ನೆರಳಿಗೆ ಅಲ್ಲಲ್ಲಿ ಗಾಳಿಗೆ ಹಾರದ ಮಾಡು ಸಾಕು.

ಆ ಬಯಲಿನ ಹುಲ್ಲನ್ನು ಬಡಕಲು ಅಂತ ಕೀಳಾಗಿ ನೋಡಬೇಡಿ. ಗೊಬ್ಬರ ಕಾಣದ, ಉಳುಮೆ ಕಾಣದ ಹುಲ್ಲುಗಾವಲು ಊರೊಳಗೆ ಬೇರೆಲ್ಲಿದೆ? ಟೆಂಪೆಲ್‌ಹೋಫ್‌ನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಬಾನಾಡಿ ಹಕ್ಕಿಗಳಿವೆ. ಅವುಗಳಿಗಾಗಿ ಏಪ್ರಿಲ್‌ನಿಂದ ಜುಲೈವರೆಗೆ ದೊಡ್ಡ ಭಾಗಕ್ಕೆ ಜನ ಹೋಗದಂತೆ ತಡೆ ಹಾಕುತ್ತಾರೆ. ಅದೇ ಊರಿನ ಯೊಹಾನ್ನಿಸ್ಥಾಲ್‌ನಲ್ಲಿ, 1995ರಲ್ಲಿ ಮುಚ್ಚಿದ ಇನ್ನೊಂದು ವಿಮಾನ ಮೈದಾನದಲ್ಲಿ, ನಡುವಿನ ಹುಲ್ಲುಗಾವಲನ್ನು ಪೂರ್ತಿ ಸಂರಕ್ಷಿತ ಮಾಡಿ ಜನ ಸುತ್ತಲೂ ನಡೆಯುವಂತೆ ಮಾಡಿದ್ದಾರೆ. ಅಲ್ಲಿ ಹುಲ್ಲು ಕತ್ತರಿಸುವ ಕೆಲಸ ಕುರಿಗಳದ್ದು.

ಕುರಿ ಸಿಗದಿದ್ದರೆ ಹುಲ್ಲನ್ನು ಗೂಡಿನ ಕಾಲ ಮುಗಿದ ಮೇಲೆ ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲೇ ಬಿಡದೆ ಎತ್ತಿ. ಬಿಟ್ಟರೆ ಮಣ್ಣು ಕೊಬ್ಬಿ, ಒಂದೆರಡು ಒರಟು ಜಾತಿ ಎಲ್ಲವನ್ನೂ ನುಂಗುತ್ತವೆ. ನಾಯಿಗಳಿಗೆ ಬೇಲಿ ಹಾಕಿದ ದೊಡ್ಡ ಜಾಗ ಕೊಡಿ, ಚಿಕ್ಕದು ಕೊಟ್ಟರೆ ಯಾರೂ ಬಳಸುವುದಿಲ್ಲ. ಟೆಂಪೆಲ್‌ಹೋಫ್‌ನಲ್ಲಿ ಸುಮಾರು 4 ಹೆಕ್ಟೇರ್ ಅದಕ್ಕೇ ಇದೆ. ಮಾಂಸ ಸುಡುವವರಿಗೆ ಬೇರೆ ಜಾಗ, ಅದೂ ಗಾಳಿಯ ಕೆಳಬದಿಗೆ.

ಕಾರ್ಯಕ್ರಮಗಳು: ಕಾಂಕ್ರೀಟು ಬಿಟ್ಟು ಕದಲಬಾರದು

ಜಗಳ ಹುಟ್ಟುವುದು ಇಲ್ಲೇ, ಹಾಗಾಗಿ ಇದಕ್ಕೆ ಕಾಲ ಕೊಡಿ. ನನ್ನ ಮೊದಲ ನಿಯಮ: ವೇದಿಕೆ, ಲಾರಿ, ಜನರೇಟರ್, ಊಟದ ಸಾಲು, ಎಲ್ಲವೂ ವಿಮಾನ ನಿಲ್ಲುತ್ತಿದ್ದ ಅಂಗಳದಲ್ಲೇ. ಹುಲ್ಲಿನ ಮೇಲೆ ಒಂದು ಗೂಟವೂ ಬೇಡ. ಅಂಗಳದಲ್ಲೂ ಗೂಟ ಹೊಡೆಯಬೇಡಿ, ಕೆಳಗೆ ಹಳೇ ಕೇಬಲ್ಲು, ಕೊಳವೆ ಇರುತ್ತವೆ. ಶಾಮಿಯಾನ, ವೇದಿಕೆಗೆ ಕಾಂಕ್ರೀಟಿನ ಇಟ್ಟಿಗೆ ಅಥವಾ ನೀರಿನ ಟ್ಯಾಂಕಿನ ಭಾರ ಕಟ್ಟಿಸಿ. ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ. ಎಷ್ಟು ವೇಗ ಬಂದರೆ ಪರದೆ ಇಳಿಸಬೇಕು, ಎಷ್ಟಕ್ಕೆ ಜನರನ್ನು ಹೊರಗೆ ಕಳಿಸಬೇಕು ಅನ್ನುವುದನ್ನು ವೇದಿಕೆ ಕಟ್ಟಿದ ಎಂಜಿನಿಯರ್ ಬರೆದುಕೊಡಬೇಕು, ಗಾಳಿ ಅಳೆಯುವ ಯಂತ್ರ ವೇದಿಕೆಯ ತುದಿಯಲ್ಲಿರಬೇಕು. ಸಿಡಿಲಿಗೂ ಒಂದು ಯೋಜನೆ ಇರಲಿ. ಹ್ಯಾಂಗರ್ ಹತ್ತಿರವಿದ್ದರೆ ಅದೇ ಆಸರೆ.

ಸದ್ದಿನ ವಿಷಯದಲ್ಲಿ ಏರ್‌ಪೋರ್ಟೇ ನಿಮಗೆ ಉತ್ತರ ಕೊಟ್ಟಿರುತ್ತದೆ. ರನ್‌ವೇಯನ್ನು ಆ ಊರಿನಲ್ಲಿ ಹೆಚ್ಚು ಬೀಸುವ ಗಾಳಿಯ ದಿಕ್ಕಿಗೆ ಹಾಕಿರುತ್ತಾರೆ. ಅದರ ಅಂಕಿಗೆ ಹತ್ತರಿಂದ ಗುಣಿಸಿದರೆ ದಿಕ್ಕಿನ ಡಿಗ್ರಿ: 27 ಅಂದರೆ 270, ಪಶ್ಚಿಮ. ಏರ್‌ಪೋರ್ಟಿನ ಹವಾಮಾನ ಕೇಂದ್ರದಲ್ಲಿ ದಶಕಗಳ ಗಾಳಿ ದಾಖಲೆ ಇರುತ್ತದೆ, ಅದನ್ನು ಯಾರೂ ರದ್ದಿಗೆ ಹಾಕದಂತೆ ನೋಡಿಕೊಳ್ಳಿ. ಗಾಳಿ ಹೋಗುವ ಕಡೆ ಸದ್ದು ಜಾಸ್ತಿ ದೂರ ಹೋಗುತ್ತದೆ. ಆ ಕಡೆ ಮನೆಗಳಿದ್ದರೆ ಸ್ಪೀಕರ್ ಮುಖ ಅತ್ತ ತಿರುಗಬಾರದು. ಟರ್ಮಿನಲ್ ಕಟ್ಟಡವನ್ನೇ ಗೋಡೆ ಮಾಡಿಕೊಳ್ಳಿ. ಒಂದೇ ಕಡೆ ದೊಡ್ಡ ಸ್ಪೀಕರ್ ಗೋಪುರ ನಿಲ್ಲಿಸುವ ಬದಲು ಜನರ ನಡುವೆ ಸಣ್ಣ ಸಣ್ಣ ಸ್ಪೀಕರ್ ಹಂಚಿದರೆ ಒಟ್ಟು ಸದ್ದು ಇಳಿಯುತ್ತದೆ. ಅಳತೆ ಮಾಡುವುದು ವೇದಿಕೆಯ ಮುಂದಲ್ಲ, ಹತ್ತಿರದ ಮನೆಯ ಕಿಟಕಿಯಲ್ಲಿ. ದಮ್ ದಮ್ ಅನ್ನುವ ತಗ್ಗು ಸದ್ದನ್ನು ಬೇರೆಯಾಗಿ ಅಳೆಯಿರಿ, ದೂರು ಬರುವುದು ಅದರಿಂದಲೇ.

ಜನ ಹೊರಗೆ ಹೋಗುವ ಲೆಕ್ಕ ಹೀಗೆ. 30,000 ಜನ ನಿಂತು ನೋಡುವ ಕಾರ್ಯಕ್ರಮ ಅಂದುಕೊಳ್ಳಿ. ಚದರ ಮೀಟರಿಗೆ ಇಬ್ಬರಂತೆ 15,000 ಚದರ ಮೀಟರ್ ಸಾಕು, ಅಂಗಳದಲ್ಲಿ ಅದೇನು ದೊಡ್ಡದಲ್ಲ. ತೊಂದರೆ ಇರುವುದು ಗೇಟಿನಲ್ಲಿ. ಕ್ರೀಡಾಂಗಣಗಳಿಗೆ ಬಳಸುವ ಲೆಕ್ಕದಲ್ಲಿ ಸಮತಟ್ಟು ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ. 8 ನಿಮಿಷದಲ್ಲಿ ಎಲ್ಲರೂ ಆಚೆ ಬರಬೇಕೆಂದರೆ 46 ಮೀಟರ್ ಅಗಲ, ಅಂದರೆ 4 ಮೀಟರಿನ 12 ಗೇಟುಗಳು. ಬೇಲಿಯಾಚೆಯ ರಸ್ತೆ, ರೈಲು ನಿಲ್ದಾಣ ಅಷ್ಟು ಜನರನ್ನು ತಡೆದುಕೊಳ್ಳದಿದ್ದರೆ ಟಿಕೆಟ್ ಸಂಖ್ಯೆ ಇಳಿಸಿ. ಬೇರೆ ದಾರಿಯಿಲ್ಲ.

ವರ್ಷಕ್ಕೆ ಎಷ್ಟು ದಿನ ಅನ್ನುವುದನ್ನು ಮೊದಲೇ ಬರೆದಿಡಿ. ಕಟ್ಟುವ ದಿನ, ಬಿಚ್ಚುವ ದಿನಗಳನ್ನೂ ಸೇರಿಸಿ ಎಣಿಸಿ. ಎರಡು ರಾತ್ರಿಯ ಕಛೇರಿಗೆ ಎರಡು ವಾರ ಅಂಗಳ ಮುಚ್ಚಿರುತ್ತದೆ, ಕಾಗದದಲ್ಲಿ ಮಾತ್ರ "2 ದಿನ" ಅಂತ ಇರುತ್ತದೆ. ನಾನು ನೋಡಿದ ಒಂದು ಕಡೆ ಇದೇ ಜಾಣತನದಿಂದ ಬೇಸಿಗೆಯ ಬಹುಪಾಲು ಜನರಿಗೆ ಅಂಗಳವೇ ಸಿಗಲಿಲ್ಲ. ಯಾವ ಕಾರ್ಯಕ್ರಮವಾದರೂ ಸುತ್ತಿನ ದಾರಿ ಮುಚ್ಚಬಾರದು. ಟೆಂಪೆಲ್‌ಹೋಫ್‌ನ ಸುತ್ತಿನ ದಾರಿ 6 ಕಿಲೋಮೀಟರ್ ಇದೆ, ದಿನಾ ಓಡುವವರಿಗೆ ಅದೇ ಪಾರ್ಕು.

ಇನ್ನು ದೊಡ್ಡ ಆಟ. ಫಾರ್ಮುಲಾ ಇ ಅನ್ನುವ ವಿದ್ಯುತ್ ರೇಸಿನ ಕಾರುಗಳು 2015ರಲ್ಲಿ ಟೆಂಪೆಲ್‌ಹೋಫ್‌ನ ಅಂಗಳದಲ್ಲಿ ಓಡಿದವು. ಅದೇ ವರ್ಷದ ಕೊನೆಗೆ ಹ್ಯಾಂಗರ್‌ಗಳಲ್ಲಿ ನಿರಾಶ್ರಿತರಿಗೆ ಆಸರೆ ಕೊಟ್ಟರು. ಹಾಗಾಗಿ 2016ರ ಓಟ ಊರ ಬೀದಿಗೆ ಹೋಯಿತು, 2017ರಲ್ಲಿ ವಾಪಸ್ ಬಂತು. ಇದರಿಂದ ಕರಾರು ಬರೆಯುವವರು ಕಲಿಯಬೇಕಾದ್ದಿದೆ. ಪ್ರವಾಹ, ಭೂಕಂಪ, ಸಾಂಕ್ರಾಮಿಕ, ಏನೇ ಬಂದರೂ ಊರು ಮೊದಲು ನೋಡುವುದು ಈ ದೊಡ್ಡ ಮಾಡುಗಳ ಕಡೆಗೆ. ತುರ್ತು ಬಂದರೆ ಜಾಗ ವಾಪಸ್ ಪಡೆಯುವ ಷರತ್ತು ಪ್ರತಿ ಬಾಡಿಗೆ ಕರಾರಿನಲ್ಲೂ ಇರಲಿ.

ಟರ್ಮಿನಲ್

ಅದಕ್ಕೆ ಮರುಳಾಗಬೇಡಿ. ಟೆಂಪೆಲ್‌ಹೋಫ್ ಕಟ್ಟಡ 1.2 ಕಿಲೋಮೀಟರ್ ಉದ್ದವಿದೆ, ಅದನ್ನು ಒಣಗಿಸಿ, ಬೆಚ್ಚಗಿಟ್ಟು, ಸೂರು ಸೋರದಂತೆ ನೋಡಿಕೊಳ್ಳುವುದೇ ದೊಡ್ಡ ಖರ್ಚು. ಮೊದಲು ಸೂರು ಭದ್ರ ಮಾಡಿ, ಕಲ್ನಾರು ತೆಗೆಸಿ, ಹ್ಯಾಂಗರ್‌ಗಳನ್ನು ಬಾಡಿಗೆಗೆ ಬಿಡಿ. ಕಂಬಗಳಿಲ್ಲದ ದೊಡ್ಡ ಹಾಲ್ ಎಲ್ಲರಿಗೂ ಬೇಕು. ಉಳಿದದ್ದು ಕಾಯಲಿ. ಮೇಳಗಳಿಗೇ ಒತ್ತು ಕೊಡುವ ಮನಸ್ಸಿದ್ದರೆ ಮ್ಯೂನಿಕ್‌ನ ರೀಮ್ ನೋಡಿ: ಏರ್‌ಪೋರ್ಟು ಮುಚ್ಚಿದ್ದು 1992ರಲ್ಲಿ, ವಸ್ತುಪ್ರದರ್ಶನ ಕೇಂದ್ರ ತೆರೆದದ್ದು 1998ರಲ್ಲಿ, ಪಕ್ಕದ ದೊಡ್ಡ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ನಡೆದದ್ದು 2005ರಲ್ಲಿ. ಅಲ್ಲಿ ಮನೆ, ಮೇಳ, ಪಾರ್ಕು ಮೂರಕ್ಕೂ ಮೊದಲೇ ಗೆರೆ ಎಳೆದಿದ್ದರು.

ಗೆರೆ ಎಳೆಯುವುದು ಯಾರು

ಖಾಲಿ ಬಯಲು ಅಂದರೆ ಎಲ್ಲರ ಕಣ್ಣೂ ಬೀಳುತ್ತದೆ. ಇವತ್ತು ಒಂದು ಮೂಲೆಯಲ್ಲಿ ವಸತಿ, ನಾಳೆ ಇನ್ನೊಂದು ಮೂಲೆಯಲ್ಲಿ ಕಚೇರಿ. ಬರ್ಲಿನ್ ಸರ್ಕಾರ ಅಂಚುಗಳಲ್ಲಿ ಮನೆ, ಒಂದು ದೊಡ್ಡ ಗ್ರಂಥಾಲಯ ಕಟ್ಟಲು ಹೊರಟಾಗ ಜನ ಸಹಿ ಸಂಗ್ರಹಿಸಿ ಮತಕ್ಕೆ ಹಾಕಿಸಿದರು. 2014ರ ಮೇ 25ರಂದು ಶೇ 64.3 ಮಂದಿ ಬಯಲು ಬಯಲಾಗಿಯೇ ಇರಲಿ ಅಂದರು, ಅದು ಕಾನೂನಾಯಿತು. ಮನೆಗಳ ಕೊರತೆ ಇರುವ ಊರಿನಲ್ಲಿ ಇದು ಸರಿಯೇ ಅನ್ನುವ ವಾದ ಈಗಲೂ ನಡೆಯುತ್ತಿದೆ. ಆ ವಾದಕ್ಕೆ ನ್ಯಾಯವಿದೆ. ನನ್ನ ಅಭಿಪ್ರಾಯ ಕೇಳಿದರೆ, ಮನೆ ಕಟ್ಟುವುದೇ ಆದರೆ ಮೊದಲ ದಿನವೇ ಗಡಿ ಹಾಕಿ ಕಟ್ಟಿ. ಜನ ಹತ್ತು ವರ್ಷ ಓಡಾಡಿದ ಮೇಲೆ ಅಂಚು ಕತ್ತರಿಸಲು ಹೋದರೆ ಯಾವ ನಗರಸಭೆಗೂ ಉಸಿರಾಡಲು ಬಿಡುವುದಿಲ್ಲ, ಬಿಡಲೂಬಾರದು.

ನಡೆಸುವ ಸಮಿತಿಯಲ್ಲಿ ಸುತ್ತಲಿನ ನಿವಾಸಿಗಳು, ಹಕ್ಕಿ ಬಲ್ಲವರು, ಕಾರ್ಯಕ್ರಮ ನಡೆಸುವವರು ಮೂವರಿಗೂ ಕುರ್ಚಿ ಕೊಡಿ, ಮತ ಕೊಡಿ. ಕಾರ್ಯಕ್ರಮದ ಬಾಡಿಗೆ ನಗರದ ದೊಡ್ಡ ಖಜಾನೆಗೆ ಹೋದರೆ ಪಾರ್ಕಿಗೆ ವಾಪಸ್ ಬರುವುದಿಲ್ಲ. ಬೇರೆ ಖಾತೆ ಮಾಡಿ, ಹುಲ್ಲು ಕತ್ತರಿಸುವುದಕ್ಕೆ, ಶೌಚಾಲಯಕ್ಕೆ, ಬಾವಿ ನೀರಿನ ಪರೀಕ್ಷೆಗೆ ಮೊದಲು ಅದರಿಂದ ಕೊಡಿ. ದೊಡ್ಡ ಕಾರ್ಯಕ್ರಮದವರಿಂದ ಠೇವಣಿ ಇಟ್ಟುಕೊಳ್ಳಿ. ಅವರು ಜಾಗ ಬಿಟ್ಟ ಮೇಲೆ ಅಯಸ್ಕಾಂತದ ಗಾಡಿ ಎಳೆಸಿ ಮೊಳೆ, ತಂತಿ, ಸ್ಕ್ರೂ ಎಲ್ಲ ಹೆಕ್ಕಿಸಿ. ಬರಿಗಾಲಲ್ಲಿ ಓಡುವ ಮಕ್ಕಳು ಅಲ್ಲಿಗೆ ಮರುದಿನವೇ ಬರುತ್ತಾರೆ. ಆ ಕೆಲಸ ಮುಗಿದು, ಕಾಂಕ್ರೀಟಿನ ಸಂದು ಕಿತ್ತಿಲ್ಲ, ಚರಂಡಿ ಕಟ್ಟಿಲ್ಲ ಅಂತ ನಿಮ್ಮ ಕಡೆಯವರು ನಡೆದು ನೋಡಿ ಸಹಿ ಹಾಕಿದ ಮೇಲೆ ಠೇವಣಿ ವಾಪಸ್ ಕೊಡಿ.